ಉಳವಪ್ಪನ ಬೆನ್ನಿಗೊಂದು ಸಿಂಬಿ

ಮನೋಳಿಯ ಹೊಳೆದಂಡೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಊರಿಗೆ ಕುಡಿಯುವ ನೀರೆತ್ತುವ ಜಾಕ್‌ವೆಲ್ ಬಾವಿಯ ಕಟ್ಟೆಯ ಮೇಲೆ ರಾಚವ್ವ ಸೆರಗು ಬಿಗಿದು ಕೂತಿದ್ದಾಳೆ. ಕೈಯಲ್ಲೊಂದು ಹಗ್ಗ, ಅದರ ಆ ತುದಿ ಗಂಡ ಉಳವಪ್ಪನ ಸೊಂಟದಲ್ಲಿ. ಬಂದವಳೇ ಅವಳು ಮೊದಲು ಮಾಡಿದ ಕೆಲಸವೆಂದರೆ ಮೋಟರ್ ಪೆಟ್ಟಿಗೆಯ ಫ್ಯೂಜುಗಳನ್ನು ಕಿತ್ತು ತನ್ನ ಉಡಿಯಲ್ಲಿ ಗಂಟು ಹಾಕಿಕೊಂಡದ್ದು. ಗಂಡ ನೀರೊಳಗಿರುವಾಗ ಯಾರಾದರೂ ಮರೆತು ಕರೆಂಟ್ ಹಾಕಿಬಿಟ್ಟರೆ? ಆ ಭಯಕ್ಕೆ ಅವಳೇ ಕಂಡುಕೊಂಡ ಉಪಾಯ ಇದು. ಅವನು ಮೇಲೆ ಬಂದು ಕೂರುವ ತನಕ ಯಾರು ಬಂದು ಕೇಳಿದರೂ ಉಡಿ ಬಿಚ್ಚುವುದಿಲ್ಲ.

"ಬೆನ್ನಿನ ಪಟ್ಟಿ ಬಿಗಿ ಆತೇನ್ರಿ?" ಎನ್ನುತ್ತಾಳೆ.

"ಆಗೇತಿ. ಎಷ್ಟ್ ಸಲ ಕೇಳ್ತಿ?" ಉಳವಪ್ಪ ಸಿಡುಕುತ್ತಾನೆ.

"ಹಗ್ಗ ಹಿಡಿಯಾಕಿ ನಾನು. ಕೇಳಾಕೀನ."

ಜಾಕ್‌ವೆಲ್ಲಿನ ಮೋಟರ್ ಸರಪಳಿ ಹರಿದು ತಳಕ್ಕೆ ಬಿದ್ದಿದೆ. ನಿನ್ನೆಯಿಂದ ನಳದಲ್ಲಿ ಹನಿ ನೀರಿಲ್ಲ. ನೀರು ಬಿಡುವ ರಾಮಲಿಂಗಪ್ಪ ಆಗಿನಿಂದ ಕೈ ಹಿಸುಕಿಕೊಂಡು ಅತ್ತಿತ್ತ ಓಡಾಡುತ್ತಿದ್ದಾನೆ. ಆದರೆ ರಾಚವ್ವನ ಚಿಂತೆ ಮೋಟರಿನದಲ್ಲ. ಗಂಡನ ಬೆನ್ನ ಮೇಲೆ ಇವತ್ತು ಹೊಸ ಗಾಳಿಚೀಲ ಇದೆ. ಅದು ಅವನನ್ನು ನೆಟ್ಟಗೆ ಮೇಲೆ ತರುತ್ತದೋ ಇಲ್ಲವೋ ಎನ್ನುವುದು ಇನ್ನು ಸ್ವಲ್ಪ ಹೊತ್ತಿನಲ್ಲಿ ಗೊತ್ತಾಗಬೇಕು.

ಬೈಲಹೊಂಗಲದಿಂದ ರಾಮದುರ್ಗದವರೆಗೆ ಬಾವಿಗೆ ಬಿದ್ದ ಮೋಟರು, ಪಾಚಿ ಮುಚ್ಚಿದ ಜಾಲರಿ, ಕಾಲುವೆಯಲ್ಲಿ ಕಾಣೆಯಾದ ಮನುಷ್ಯ, ಏನಿದ್ದರೂ ಫೋನು ಬರುವುದು ಉಳವಪ್ಪನಿಗೆ. ವಾರಕ್ಕೆ ಮೂರೋ ನಾಲ್ಕೋ ಕರೆ; ಬೇಸಿಗೆಯಲ್ಲಂತೂ ಉಸಿರಾಡಲು ಪುರುಸೊತ್ತಿಲ್ಲ. ನಳದಲ್ಲಿ ನೀರು ಬಂತೆಂದರೆ ಕೊಡ ಹಿಡಿದು ಓಡುವವರೇ ಎಲ್ಲ, ಯಾರು ಇಳಿದಿದ್ದರು ಎಂದು ಕೇಳುವವರು ಒಬ್ಬರೂ ಇಲ್ಲ. ಇಳಿದವನ ಹೆಸರೇ ಗೊತ್ತಿಲ್ಲದ ಮೇಲೆ ಹಗ್ಗ ಹಿಡಿದವಳ ಹೆಸರು ಯಾರಿಗೆ ಬೇಕು ಬಿಡಿ!

ಉಳವಪ್ಪನಿಗೆ ಈಜು ಕಲಿಸಿದ್ದು ಅವನ ಅಪ್ಪ, ಇದೇ ಮಲಪ್ರಭೆಯಲ್ಲಿ, ಬೆನ್ನಿಗೆ ಒಣಗಿದ ಕುಂಬಳಬುರುಡೆ ಕಟ್ಟಿ. ಬುರುಡೆ ದೊಡ್ಡದಿದ್ದಷ್ಟೂ ಹುಡುಗ ಮುಳುಗುವುದಿಲ್ಲ ಎನ್ನುವುದು ಮನೆಯವರ ನಂಬಿಕೆ. ಎಷ್ಟೋ ವರ್ಷ ಬರೀ ಉಸಿರು ಕಟ್ಟಿ ಮುಳುಗುತ್ತಿದ್ದವನು ಆಮೇಲೆ ಮುರ್ಡೇಶ್ವರಕ್ಕೆ ಹೋಗಿ ಉಸಿರಾಟದ ಗಾಳಿಯ ಸಿಲಿಂಡರ್ ಹೊತ್ತು ಇಳಿಯುವುದನ್ನು ಕಲಿತ. ಕಲಿಸಿದವರು ಸವದತ್ತಿ ಕಡೆಯವರೇ ಆದ ಭಾರ್ಗವ. ಅಲ್ಲಿ ಸಮುದ್ರದಲ್ಲಿ ಡೈವಿಂಗ್ ಹೇಳಿಕೊಡುತ್ತಾರೆ.

ಸಿಲಿಂಡರಿಗೂ ಬೆನ್ನಿಗೂ ನಡುವೆ ಒಂದು ಗಾಳಿಚೀಲ ಇರುತ್ತದೆ. ಡೈವಿಂಗಿನವರು ಅದನ್ನು ವಿಂಗ್ ಎನ್ನುತ್ತಾರೆ. ಗುಂಡಿ ಒತ್ತಿದರೆ ಗಾಳಿ ತುಂಬುತ್ತದೆ, ದಾರ ಎಳೆದರೆ ಬಿಡುತ್ತದೆ. ಕೆಸರಿಗೆ ಹೊಟ್ಟೆ ತಾಗದಂತೆ, ದಡಕ್ಕನೆ ಮೇಲಕ್ಕೂ ಏಳದಂತೆ ಮನುಷ್ಯನನ್ನು ನಡುನೀರಿನಲ್ಲಿ ನಿಲ್ಲಿಸುವುದು ಅದೇ. ತನಗೆ ಅಂತ ಒಂದು ಕೊಳ್ಳುವಾಗ ಉಳವಪ್ಪನ ತಲೆಯಲ್ಲಿ ಅಪ್ಪನ ಬುರುಡೆಯೇ ಕೂತಿತ್ತು. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡದನ್ನು ಹೊತ್ತು ತಂದ. ಕುದುರೆಯ ಲಾಳದ ಆಕಾರದ್ದು, ಎರಡು ಸಿಲಿಂಡರ್ ಹೊರುವವರಿಗೆ ಮಾಡಿದ್ದು. ಇವನ ಬೆನ್ನಿಗಿರುವುದು ಒಂದೇ!

ದೊಡ್ಡ ಚೀಲದ ಮೋಹಕ್ಕೆ ಇನ್ನೂ ಒಂದು ಕಾರಣವಿತ್ತು. ಬಿದ್ದ ಮೋಟರನ್ನು ತನ್ನ ಪಟ್ಟಿಗೇ ಕಟ್ಟಿ, ಚೀಲಕ್ಕೆ ಗಾಳಿ ತುಂಬಿ, ಅದರ ಸಮೇತ ಮೇಲೇಳುತ್ತಿದ್ದ. ಕಟ್ಟೆಯ ಮೇಲಿದ್ದವರು ಭಲೇ ಭಲೇ ಎನ್ನುತ್ತಿದ್ದರು. ಆ ಭಲೇ ಭಲೇ ಕೇಳಿದರೆ ರಾಚವ್ವನಿಗೆ ಈಗಲೂ ಮೈ ಉರಿಯುತ್ತದೆ.

ಹೋದ ತಿಂಗಳು ಸಾಲಹಳ್ಳಿಯ ಬಾವಿಯಲ್ಲಿ ಗಂಟು ಜಾರಿತು. ಮೋಟರ್ ಕೆಳಗೆ ಉಳಿಯಿತು, ಗಾಳಿ ತುಂಬಿದ ಚೀಲ ಉಳವಪ್ಪನೊಬ್ಬನನ್ನೇ ಎತ್ತಿ ಒಗೆಯಿತು. ದಾರ ಎಳೆದರೂ ಗಾಳಿ ಬಿಡಲೊಲ್ಲದು. ಅಗಲವಾದ ಚೀಲ ಒಂದೇ ಸಿಲಿಂಡರಿನ ಸುತ್ತ ಚಪಾತಿಯ ಹಾಗೆ ಸುತ್ತಿಕೊಂಡು, ಬಲಗಡೆಯ ಗಾಳಿ ಮಡಿಕೆಯಲ್ಲೇ ಸಿಕ್ಕಿಬಿದ್ದಿತ್ತು. ಲಾಳದ ಕೆಳಗಿನ ಎರಡು ತುದಿ ಕೂಡಿರುವುದಿಲ್ಲ, ಗಾಳಿ ಬಿಡುವ ಬಾಯಿ ಇರುವುದು ಎಡಗಡೆ. ಬಲಕ್ಕಿದ್ದ ಗಾಳಿಗೆ ಅತ್ತ ಹೋಗಲು ದಾರಿ ಎಲ್ಲಿ? ಮಗ್ಗುಲಾಗಿ ಮೇಲೆದ್ದವನ ತಲೆ ಬಾವಿಯ ಕಲ್ಲಿಗೆ ಬಡಿಯಿತು. ಮೂಗಿನಲ್ಲಿ ರಕ್ತ.

"ನನ್ನ ಕೈಯಾಗಿನ ಹಗ್ಗ ಸುಮ್ನ ಸಡಲ ಬಿತ್ರಿ," ಎನ್ನುತ್ತಾಳೆ ರಾಚವ್ವ, ಈಗಲೂ ಕೇಳಿದವರಿಗೆಲ್ಲ. "ಹಗ್ಗ ಸಡಲ ಆದ್ರ ಏನಂತ ತಿಳ್ಕೋಬೇಕ್ರಿ ನಾನು?"

ಅಂದು ಮನೆಗೆ ಬಂದವಳೇ ಹಗ್ಗವನ್ನು ಸುತ್ತಿ ಅಟ್ಟದ ಮೇಲೆ ಒಗೆದಳು. ಲಾಳ ಬಿಡುವ ತನಕ ಹಗ್ಗ ಹಿಡಿಯುವುದಿಲ್ಲ ಎಂದಳು. ಉಳವಪ್ಪ ರೇಗಿದ, ಊಟ ಬಿಟ್ಟ, ಕೊನೆಗೆ ಸೋತು ಮುರ್ಡೇಶ್ವರಕ್ಕೆ ಫೋನು ಮಾಡಿದ.

"ಒಂದ ಸಿಲಿಂಡರಿಗೆ ಅಷ್ಟಗಲದ್ದು ಯಾಕ ಬೇಕೋ ಉಳವಪ್ಪಾ?" ಎಂದು ಭಾರ್ಗವ ಬೈದರು. "ಆ ಚೀಲ ಇರೋದು ನಿನ್ನ ಭಾರ ಹಿಡೀಲಿಕ್ಕೆ. ಮೋಟರ್ ಎತ್ತಲಿಕ್ಕಲ್ಲ." ಬೈದವರೇ ಬಸ್ಸಿಗೆ ಒಂದು ಚೀಲ ಕಳಿಸಿದರು. ಬಳಸಿ ನೋಡು, ಒಗ್ಗದಿದ್ದರೆ ವಾಪಸ್ ಕಳಿಸು ಎಂದರು. ಯರಗಟ್ಟಿಯ ಸ್ಟ್ಯಾಂಡಿನಲ್ಲಿ ಪೊಟ್ಟಣ ಬಿಚ್ಚಿದರೆ ಒಳಗೆ ಸಪೂರ ಬಳೆಯಂಥದ್ದು.

"ಅಯ್ಯ, ಸಿಂಬಿ!" ಎಂದಳು ರಾಚವ್ವ. ಕೊಡ ಹೊರುವಾಗ ತಲೆಗೆ ಇಟ್ಟುಕೊಳ್ಳುವ ಬಟ್ಟೆಯ ಸಿಂಬಿಯೇ ಸರಿ. ಸುತ್ತಲೂ ಕೂಡಿಕೊಂಡಿರುವುದರಿಂದ ಒಳಗಿನ ಗಾಳಿ ಯಾವ ಕಡೆಯಿಂದ ಯಾವ ಕಡೆಗೂ ಸರಿದೀತು. ಸಿಲಿಂಡರಿನ ಅಕ್ಕಪಕ್ಕ ಚಪ್ಪಟೆಯಾಗಿ ಕೂರುತ್ತದೆ, ಸುತ್ತಿಕೊಳ್ಳಲು ಅಗಲವೇ ಇಲ್ಲ. ಉಳವಪ್ಪ ಮಾತ್ರ ಮೂಗು ಮುರಿದ. "ಇಷ್ಟ ಸಣ್ಣದು! ಇದು ನನ್ನ ಹಿಡೀತೈತೇನ?"

ಹಿಡಿಯದಿದ್ದರೆ? ಆ ಪ್ರಶ್ನೆ ರಾಚವ್ವನಿಗೂ ಇದೆ. ಹಟ ಮಾಡಿ ಬದಲಿಸಿದವಳು ತಾನೇ ಅಲ್ಲವೇ? ಏನಾದರೂ ಆದರೆ ಯಾರ ಮುಖ ನೋಡುವುದು?

ಈಗ ಉಳವಪ್ಪ ಏಣಿ ಇಳಿದು, ಕೈಯಲ್ಲಿ ಹೊಸ ಸರಪಳಿಯ ಕೊಕ್ಕೆ ಹಿಡಿದು ಮುಳುಗುತ್ತಾನೆ. ಸರಪಳಿಯ ಮೇಲಿನ ತುದಿ ಕಟ್ಟೆಯ ರಾಟೆಯಲ್ಲಿದೆ. ಮೋಟರಿಗೆ ಕೊಕ್ಕೆ ಹಾಕಿ ಬರಬೇಕು, ಮೈಗೆ ಮಾತ್ರ ಕಟ್ಟಿಕೊಳ್ಳಬಾರದು. ಆಣೆ ಹಾಕಿಸಿಕೊಂಡೇ ರಾಚವ್ವ ಹಗ್ಗ ಹಿಡಿದದ್ದು. ಗುಳ್ಳೆಗಳು ಏಳುತ್ತವೆ, ಒಡೆಯುತ್ತವೆ. ಹಗ್ಗ ಹೊರಳುತ್ತ ಒಳಗೆ ಹೋಗುತ್ತದೆ. ಒಂದು ಜಗ್ಗು ಬರುತ್ತದೆ: ತಳ ಮುಟ್ಟಿದೆ, ಆರಾಮಿದ್ದೇನೆ ಎಂದರ್ಥ.

ಆಮೇಲೆ ಏನೂ ಇಲ್ಲ.

"ರಾಚಕ್ಕಾ, ಮೋಟರ್ ಸಿಕ್ಕಿರಬೇಕಲ್ಲ?" ರಾಮಲಿಂಗಪ್ಪ ಬಗ್ಗಿ ಕೇಳುತ್ತಾನೆ.

"ಸುಮ್ನಿರ್ರಿ ಅಣ್ಣಾರ!"

ಹಗ್ಗ ಸಡಿಲಾಗಿದೆ. ಸಾಲಹಳ್ಳಿಯಲ್ಲಿ ಆದಂಥದ್ದೇ ಸಡಿಲು. ಕೂಗಿದರೆ ಅವನಿಗೆ ಕೇಳಿಸದು. ಎಳೆದುಬಿಡಲೇ? ಕಲಿಸಿಕೊಟ್ಟ ರೀತಿಯೆಂದರೆ ಒಮ್ಮೆಲೇ ಎಳೆಯಬಾರದು. ಅವಳು ಒಂದೊಂದೇ ಮೊಳ ಮೇಲೆ ತೆಗೆಯುತ್ತಾಳೆ, ಹಗ್ಗ ಬಿಗಿಯಾಗುವ ತನಕ. ಬಿಗಿಯಾಯಿತು. ಅಲ್ಲೇ ಹಿಡಿದು, ಕಣ್ಣು ಮುಚ್ಚಿ, ಆರಾಮಿದ್ದೀರಾ ಎಂದು ಕೇಳುವಂತೆ ಒಂದು ಸಲ ಜಗ್ಗುತ್ತಾಳೆ.

ಎಷ್ಟು ಹೊತ್ತೋ! ಕೆಳಗಿನಿಂದ ಜಗ್ಗು ಬರುತ್ತದೆ. ಎರಡು. ಮೇಲೆ ಬರುತ್ತೇನೆ ಎಂದರ್ಥ.

ನೀರು ಸೀಳಿ ಮೊದಲು ತಲೆ, ಆಮೇಲೆ ಹೆಗಲು. ಅವಸರವಿಲ್ಲ, ಮಗ್ಗುಲಾಗಿಲ್ಲ, ಮೆಟ್ಟಿಲು ಹತ್ತಿ ಬಂದವನ ಹಾಗೆ ನೆಟ್ಟಗೆ. ಸೊಂಟದಲ್ಲಿ ಹಗ್ಗ ಬಿಟ್ಟರೆ ಬೇರೇನೂ ಇಲ್ಲ. ಏಣಿ ಹಿಡಿದು ಬಾಯಿಯಿಂದ ಉಸಿರಿನ ನಳಿಕೆ ತೆಗೆಯುತ್ತಾನೆ.

"ಕೈ ಹೋಗಿತ್ತ," ಎನ್ನುತ್ತಾನೆ ಹೆಂಡತಿಗೆ, ತಗ್ಗಿದ ದನಿಯಲ್ಲಿ. "ರೂಢಿ ನೋಡು, ಮೋಟರ್ ಪಟ್ಟಿಗೆ ಕಟ್ಕೊಳ್ಳಾಕ ಹತ್ತಿದ್ದೆ. ಹಗ್ಗ ಬಿಗಿ ಆತು, ನೀ ನೆನಪಾದಿ. ಬಿಚ್ಚಿ ಕೊಕ್ಕಿ ಹಾಕಿ ಬಂದೆ."

ರಾಚವ್ವ ಬೈಯಬೇಕೆಂದು ಬಾಯಿ ತೆರೆದವಳು ಅಳುತ್ತಾಳೆ. ಅತ್ತು ಮೂಗು ಒರೆಸಿಕೊಂಡು ಬೆನ್ನ ಮೇಲಿನ ಸಿಂಬಿಯನ್ನು ಮುಟ್ಟಿ ನೋಡುತ್ತಾಳೆ.

"ಮೋಟರ್ ಎಲ್ಲೈತಿ? ಬರಿಗೈಲೆ ಬಂದ್ಯಲ್ಲೋ!" ರಾಮಲಿಂಗಪ್ಪನಿಗೆ ಗಾಬರಿ.

"ಕೊಕ್ಕಿ ಹಾಕೇನಿ. ರಾಟಿ ತಿರುವ್ರಿ, ಬರ್ತೈತಿ."

ರಾಟೆ ಗಡಗಡ ತಿರುಗಿ ಮೋಟರ್ ನೀರು ಸುರಿಸುತ್ತ ಏರುತ್ತದೆ, ತನ್ನ ಜಾಗಕ್ಕೆ ಕೂರುತ್ತದೆ. ರಾಮಲಿಂಗಪ್ಪ ಓಡಿಬಂದು ಫ್ಯೂಜಿಗೆ ಕೈ ಚಾಚುತ್ತಾನೆ. ಊರು ನೀರಿಗೆ ಕಾದಿದೆ.

ರಾಚವ್ವ ಕೊಡುವುದಿಲ್ಲ. ಗಂಡ ಪಟ್ಟಿ ಬಿಚ್ಚಿ, ಮೈ ಒರೆಸಿಕೊಂಡು, ಕಟ್ಟೆಯ ಮೇಲೆ ಕಾಲು ಚಾಚಿ ಕೂತ ಮೇಲೆ ಉಡಿಯ ಗಂಟು ಬಿಚ್ಚುತ್ತಾಳೆ.

"ನನ್ನ ಆಸೆ ದೊಡ್ಡದಲ್ರಿ," ಎನ್ನುತ್ತಾಳೆ, ಫ್ಯೂಜುಗಳನ್ನು ರಾಮಲಿಂಗಪ್ಪನ ಅಂಗೈಗೆ ಹಾಕುತ್ತ. "ದಿನಾ ಇವರು ಬರಿಗೈಲೆ ಬರ್ಲಿ."