ಅಣ್ಣನ ಸಾಮಿನ ಪಟ್ಟಿ

ನನ್ನ ಅಣ್ಣ ಪೊಲೀಸ್ ಭರ್ತಿಗೆಂದು ಸಿರುಗುಪ್ಪದಿಂದ ಬಳ್ಳಾರಿಗೆ ಹೋದವನು ಸಂಜೆಯ ಬಸ್ಸಿಗೇ ವಾಪಸು ಬಂದ. ಎತ್ತರ ಸಾಕಿತ್ತು, ಎದೆ ಸಾಲಲಿಲ್ಲ. ಉಸಿರು ತುಂಬಿಕೊಂಡು ನಿಂತರೂ ಒಂದೂವರೆ ಇಂಚು ಕಡಿಮೆ ಬಂತಂತೆ. ಮೂರು ತಿಂಗಳು ಬಿಟ್ಟು ಬಾ ಎಂದಿದ್ದರು. ಸ್ವಾತಂತ್ರ್ಯ ಬಂದು ಒಂದೆರಡು ವರ್ಷವಾಗಿತ್ತು. ಅಣ್ಣನಿಗೆ ಇಪ್ಪತ್ತು, ನನಗೆ ಹದಿಮೂರು.

ಕುರುಗೋಡಿನಲ್ಲಿದ್ದ ನಮ್ಮ ಸೋದರಮಾವ ಅಲ್ಲಿಯ ಗರಡಿಮನೆಯಲ್ಲಿ ಸಾಮು ಕಲಿಸುವ ವಸ್ತಾದ. ಸುದ್ದಿ ಮುಟ್ಟಿದ ವಾರಕ್ಕೇ ಬಂದು, ಅಣ್ಣನ ಅಂಗಿ ಬಿಚ್ಚಿಸಿ, ಸಂತೆಯಲ್ಲಿ ಹೋರಿ ನೋಡುವವರ ಹಾಗೆ ಸುತ್ತ ಒಂದು ಸುತ್ತು ಹಾಕಿದ. ಆಮೇಲೆ ನನ್ನ ನೋಟುಪುಸ್ತಕದ ಹಾಳೆ ಹರಿದು, ತಾನು ಹೇಳುತ್ತ ನನ್ನಿಂದ ಪಟ್ಟಿ ಬರೆಸಿದ. ಮೊದಲ ವಾರ ದಿನಕ್ಕೆ ಹತ್ತು ದಂಡ, ಇಪ್ಪತ್ತು ಬಸ್ಕಿ. ವಾರ ವಾರ ದಂಡ ಐದು, ಬಸ್ಕಿ ಹತ್ತು ಹೆಚ್ಚು. ಕಾಲುವೆಯವರೆಗೆ ಓಡಿಹೋಗಿ ಬರುವುದು. ಬಂದ ಮೇಲೆ ಒಂದು ಹಿಡಿ ನೆನೆಸಿದ ಕಡಲೆ, ಒಂದು ಲೋಟ ಹಾಲು. ಸಾಮು ಮುಗಿದ ದಿನಕ್ಕೆ ಒಂದು ಗುರುತು.

“ಸುಳ್ಳು ಗುರುತು ಹಾಕಿದ್ರ ನನಗ ಗೊತ್ತಾಗತೈತಿ,” ಎಂದ ಮಾವ. “ಎದಿ ಸುಳ್ಳು ಹೇಳಂಗಿಲ್ಲ.”

ಅಣ್ಣ ನಾಲ್ಕು ದಿನ ಎದ್ದ. ಐದನೆಯ ದಿನ ಕಂಬಳಿಯೊಳಗಿಂದಲೇ, “ತಂಗಿ, ಗುರುತು ನೀನ ಹಾಕಿಬಿಡು. ಕಡ್ಲಿನೂ ನೀನ ತಿನ್ನು,” ಎಂದ. ಹಾಲಿನ ಮಾತು ಮಾತ್ರ ಎತ್ತಲಿಲ್ಲ.

ಕಡಲೆ ತಿಂದೆ. ಆದರೆ ಗುರುತು ಹಾಕಲು ಕೈ ಹೆದರಿತು. ಪಟ್ಟಿಯನ್ನು ಮತ್ತೊಮ್ಮೆ ಓದಿದೆ. ಯಾರು ಮಾಡಬೇಕು ಎಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ಹಿತ್ತಲಿನ ಬಣವೆಯ ಹಿಂದೆ ಹೋಗಿ, ಲಂಗ ಕಚ್ಚೆ ಕಟ್ಟಿ, ಹತ್ತು ದಂಡ, ಇಪ್ಪತ್ತು ಬಸ್ಕಿ ತೆಗೆದೆ. ಅವತ್ತು ಕೈ ನಡುಗಿ ನಾನು ಬಡಿದ ರೊಟ್ಟಿಗಳೆಲ್ಲ ಸೊಟ್ಟ. ಅವ್ವ ಬೈದಳು. ಮರುದಿನ ಗುರುತು ಹಾಕುವ ಆಸೆಗೆ ಮತ್ತೆ ಹೋದೆ.

ಓಟದ್ದೇ ಕಷ್ಟ. ಹೆಣ್ಣುಹುಡುಗಿ ಓಡಿದರೆ ಏನಾಯಿತೆಂದು ಓಣಿಯೆಲ್ಲ ಕೇಳುತ್ತಿತ್ತು. ಕರು ತಪ್ಪಿಸಿಕೊಂಡಿದೆ ಎಂದು ಹೇಳುತ್ತ ಓಡಿದೆ. ಗೂಟ ಬಿಟ್ಟು ಅಲ್ಲಾಡದ ನಮ್ಮ ಕರು ಹದಿನೈದು ದಿನದಲ್ಲಿ ಊರಿಗೆಲ್ಲ ತುಂಟ ಕರುವಾಯಿತು.

ಒಂದು ಬೆಳಗ್ಗೆ ಬಣವೆಯ ಹಿಂದೆ ತಲೆ ಎತ್ತಿದರೆ ಎದುರಿಗೆ ಅಜ್ಜಿ, ಸೆಗಣಿ ಬುಟ್ಟಿ ಹಿಡಿದು ನಿಂತಿದ್ದಳು.

“ಹದಿನೆಂಟು ಆದ್ವು,” ಎಂದಳು. “ಎಷ್ಟು ತೆಗೀಬೇಕು?”

“ಇಪ್ಪತ್ತು.”

“ಮುಗಿಸು ಮತ್ತ. ಹೊಟ್ಟಿ ನೆಲಕ್ಕ ಹಚ್ಚಬ್ಯಾಡ.”

ಅವತ್ತಿನಿಂದ ಅಜ್ಜಿಯ ಸೆರಗಿನ ಮರೆಯಲ್ಲಿ ನನಗೂ ಒಂದು ಲೋಟ ಹಾಲು ಬರತೊಡಗಿತು.

ಆರನೆಯ ವಾರ ಮಾವ ಹೇಳದೆ ಕೇಳದೆ ಬಂದಿಳಿದ. ಗೋಡೆಯ ಮೇಲಿನ ಪಟ್ಟಿ ನೋಡಿ ಮೀಸೆ ನೀವಿಕೊಂಡ. “ಮೂವತ್ತೈದಕ್ಕ ಬಂದೀಯಲ್ಲೋ. ತೆಗಿ, ನೋಡೂಣು.”

ಅಣ್ಣ ಅಂಗಳದಲ್ಲಿ ಏಳನೆಯ ದಂಡಕ್ಕೆ ಕೆಳಗೆ ಹೋದವನು ಮೇಲೆ ಬರಲಿಲ್ಲ.

“ಈ ಗುರುತು ಯಾರವು?” ಎಂದ ಮಾವ. ಅಣ್ಣ ಮಲಗಿದಲ್ಲಿಂದಲೇ ನನ್ನ ಕಡೆ ಬೆರಳು ತೋರಿಸಿದ.

“ಸುಳ್ಳು ಹಾಕೀಯೇನು?”

“ಇಲ್ಲ ಮಾಮ. ಎಲ್ಲಾ ಮಾಡಿದ್ದ ಐತಿ.”

“ಯಾರು ಮಾಡಿದ್ದು?”

ನಾನು ಅಜ್ಜಿಯ ಮುಖ ನೋಡಿದೆ. ಅವಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ತಲೆ ಎತ್ತದೆಯೇ, “ಲಂಗ ಕಚ್ಚಿ ಕಟ್ಟಿಕೊಂಡು ತೆಗಿ ಹೋಗವ್ವ,” ಎಂದಳು.

ಮೂವತ್ತೈದೂ ತೆಗೆದೆ. ಅವ್ವ ಅಡುಗೆಮನೆಯ ಬಾಗಿಲಲ್ಲಿ ಬಾಯಿಗೆ ಕೈಯಿಟ್ಟು ನಿಂತಿದ್ದಳು. ಏಟು ಯಾವ ಕಡೆಯಿಂದ ಬೀಳುತ್ತದೋ ಎಂದು ಕಾಯುತ್ತ ನಾನು ಎದ್ದು ನಿಂತೆ. ಮಾವ ನನ್ನ ರಟ್ಟೆ ಒತ್ತಿ ನೋಡಿದ. ಅಣ್ಣನ ಕಡೆ ತಿರುಗಿ, “ಇವತ್ತಿನಿಂದ ನಿನ್ನ ವಸ್ತಾದ ಇಕಿ. ಎಬ್ಬಿಸಿದ ಕೂಡ್ಲೆ ಏಳಬೇಕು,” ಎಂದ.

ಆ ಮುಂದಿನ ಆರು ವಾರದಷ್ಟು ಸುಖ ನಾನು ಬೇರೆಲ್ಲೂ ಕಂಡಿಲ್ಲ. ದಿನಾ ನಸುಕಿಗೆ ಅಣ್ಣನ ಮುಖಕ್ಕೆ ತಣ್ಣೀರು ಚಿಮುಕಿಸುತ್ತಿದ್ದೆ.

“ಲೇ, ಮಲಗಾಕ ಬಿಡು.”

“ವಸ್ತಾದಗ ಲೇ ಅಂತೀಯೇನು? ಐದು ಹೆಚ್ಚಿಗಿ ತೆಗಿ.”

ಮೊದಮೊದಲು ಅವನು ಹಲ್ಲು ಕಡಿಯುತ್ತ ತೆಗೆದ. ಆಮೇಲೆ ನಾನು ಎಬ್ಬಿಸುವ ಮೊದಲೇ ಎದ್ದು ಕೂರತೊಡಗಿದ. ನಲವತ್ತು ಮುಗಿಸಿದ ದಿನ, ಶಾಲೆಯ ಹುಡುಗ ಮಾಸ್ತರರ ಮುಖ ನೋಡುವ ಹಾಗೆ ನನ್ನ ಮುಖ ನೋಡಿದ. ನಗಬೇಕೆಂದಿದ್ದೆ, ಆಗಲಿಲ್ಲ.

ಎರಡನೆಯ ಸಲ ಬಳ್ಳಾರಿಗೆ ಹೋದವನು ಮೂರು ದಿನ ಬಿಟ್ಟು ಬಂದ. ಎದೆ ಅರ್ಧ ಇಂಚು ಹೆಚ್ಚೇ ಬಂದಿತ್ತು. ಅಳತೆ ಮುಗಿದರೂ ಇವನು ಕೆನ್ನೆ ಉಬ್ಬಿಸಿಕೊಂಡೇ ನಿಂತದ್ದು ನೋಡಿ, ಅಳೆಯುವವರು, “ಉಸಿರು ಬಿಡಪಾ, ತಗೊಂಡೀವಿ ನಿನ್ನ,” ಎಂದರಂತೆ.

ಮಾವ ಕುರುಗೋಡಿನಿಂದ ಬಸ್ಸಿನಲ್ಲಿ ಒಂದು ಗಂಟು ಕಳಿಸಿದ. ಬಿಚ್ಚಿದರೆ, ಗರಡಿಯಲ್ಲಿ ತಿರುವುವ ಮರದ ಗದೆ, ನನ್ನ ಅಳತೆಗೆ ಮಾಡಿಸಿದ ಒಂದು ಜೋಡಿ.

“ಹೆಣ್ಣುಹುಡುಗಿಗೆ ಇವು ಯಾತಕ?” ಎಂದಳು ಅವ್ವ.

“ಇರ್ಲಿ ಬಿಡವ್ವ,” ಎಂದಳು ಅಜ್ಜಿ. “ಮೆಣಸಿನಕಾಯಿ ಕುಟ್ಟಾಕ ಬರತಾವು.”

ನನ್ನ ಮದುವೆಯಾಗುವವರೆಗೆ ಅವು ಹಿತ್ತಲ ಬಾಗಿಲ ಹಿಂದೆಯೇ ಇದ್ದವು; ಹಿಡಿಗಳು ಮಾತ್ರ ನನ್ನ ಕೈ ತಾಗಿ ತಾಗಿ ನುಣುಪಾಗಿದ್ದವು. ಯಾರೂ ಅವುಗಳಿಂದ ಒಂದು ಮೆಣಸಿನಕಾಯಿಯನ್ನೂ ಕುಟ್ಟಲಿಲ್ಲ.