ನೀಲಿ ಬಾಟ್ಲಿ ಮತ್ತು ಮೂಲೆಯ ಜೇಕು

ನಮ್ಮ ಬೀದಿಯ ಕ್ಷೌರದಂಗಡಿಯವನಿಗೆ ಎಲ್ಲರ ಬಾಯಲ್ಲೂ ಕತ್ತರಿಯಣ್ಣ ಅಂತಲೇ ಹೆಸರು. ಒಂದು ಕೂದಲು ಆಚೀಚೆಯಾದರೂ ಗಿರಾಕಿಯನ್ನು ಕುರ್ಚಿಯಿಂದ ಏಳಗೊಡದ ಮನುಷ್ಯ. ಮನೆ ಮುಂದಿನ ಅಂಗೈಯಗಲದ ಹುಲ್ಲುಹಾಸನ್ನೂ ಹಾಗೇ ಸಾಕಿದ್ದ. ಅಂಥದ್ದರೊಳಗೆ ಜೇಕಿನ ಕಳೆ ಹುಟ್ಟಬೇಕೆ! ಕಿತ್ತರೆ ಗರಿಯಷ್ಟೇ ಕೈಗೆ ಬರುತ್ತದೆ, ಗಡ್ಡೆ ಮಣ್ಣೊಳಗೇ ಕೂತು ನಗುತ್ತದೆ.

“ಊರ ತಲೆಯೆಲ್ಲ ನೆಟ್ಟಗೆ ಮಾಡ್ತೀರಿ, ನಮ್ಮನೆ ಮುಂದಿನ ತಲೆ ನೋಡಿ ಸ್ವಲ್ಪ,” ಅಂದಳು ಹೆಂಡತಿ.

ಮಾತು ನಾಟಿತು. ಕಳೆ ಸಾಯಿಸುವ ಔಷಧಿ ತಂದ. ತಂದವನು ಅದನ್ನು ತುಂಬಿಸಿದ್ದು ಎಲ್ಲಿಗೆ ಅಂತೀರಿ? ಗಿರಾಕಿಗಳ ತಲೆ ಒದ್ದೆ ಮಾಡುವ ನೀಲಿ ಸ್ಪ್ರೇ ಬಾಟ್ಲಿಗೆ! ಅದರ ಹನಿ ಎಲ್ಲಿ ಬೀಳುತ್ತದೆಂದು ಅವನ ಬೆರಳಿಗೆ ಗೊತ್ತು. ಬೆಳಿಗ್ಗೆ ಕುಕ್ಕರುಗಾಲಲ್ಲಿ ಕೂತು ಜೇಕಿನ ಒಂದೊಂದೇ ಗರಿಗೆ ಚುಸ್ ಚುಸ್ ಅಂತ ಹೊಡೆದ. ಮೂಲೆಯ ಒಂದು ಬುಡ ಬಾಕಿಯಿರುವಾಗ ಅಂಗಡಿಗೆ ಹೊತ್ತಾಯಿತೆಂದು ಎದ್ದ. ಮೆಟ್ಟಿಲ ಮೇಲೆ ಅಂಗಡಿಗೆಂದು ನೀರು ತುಂಬಿಟ್ಟ ಇನ್ನೊಂದು ಬಾಟ್ಲಿಯೂ ಇತ್ತು. ಅದೂ ನೀಲಿಯೇ. ಅವಸರದಲ್ಲಿ ಒಂದನ್ನು ಎತ್ತಿಕೊಂಡು ಹೊರಟ.

ಮೊದಲ ಗಿರಾಕಿ ನಮ್ಮ ಬೀದಿಯ, ಬಸ್ ಓಡಿಸುವ ಅಕ್ಕನ ಪುಟ್ಟ ಮಗ. ಕುರ್ಚಿಗೆ ಹಲಗೆ ಹಾಕಿ ಕೂರಿಸಿ, ತಲೆಗೆ ನೀರು ಚಿಮ್ಮಿಸಿ, ಒಂದು ಪಕ್ಕ ಕತ್ತರಿಸಿಯೂ ಆಗಿತ್ತು. ಹುಡುಗ ಕಣ್ಣುಜ್ಜಿದ.

“ಉರೀತಿದೆ ಮಾಮಾ.”

ಕತ್ತರಿ ನಿಂತುಬಿಟ್ಟಿತು. ನಾನು ತಂದದ್ದು ಯಾವ ಬಾಟ್ಲಿ? ಮೂಸಿ ನೋಡಿದ, ಬೆಳಗಿನ ಔಷಧಿ ಕೈಗೇ ಮೆತ್ತಿಕೊಂಡಿದ್ದರಿಂದ ಏನೂ ತಿಳಿಯಲಿಲ್ಲ. ಮನೆಗೆ ಫೋನ್ ಮಾಡಿದರೆ, “ಮೆಟ್ಟಿಲ ಮೇಲೆ ಉಳಿದಿತ್ತಲ್ಲ, ಅದಾ? ಯಾವುದೋ ಏನೋ, ಚೆಲ್ಲಿ ತೊಳೆದಿಟ್ಟೆನಲ್ರೀ!” ಅಂದಳು ಹೆಂಡತಿ. ಇನ್ನು ತಿಳಿಯುವ ದಾರಿಯೇ ಇಲ್ಲ.

ಹುಡುಗನನ್ನು ಎತ್ತಿಕೊಂಡು ನಲ್ಲಿಗೆ ಓಡಿದ. ಹೊರಗೆ ಕೂತಿದ್ದ ತಾಯಿ ಗಾಬರಿಯಿಂದ ಎದ್ದಳು. “ಏನಾಯ್ತಣ್ಣ?”

ಕೂದಲು ಬಿತ್ತು ಕಣ್ಣಿಗೆ ಅನ್ನುವ ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ನುಂಗಿಕೊಂಡ. “ಹುಲ್ಲಿಗೆ ಹೊಡೆಯೋ ವಿಷ ಬಿದ್ದಿರಬಹುದು ತಾಯಿ. ನಡೀ ಡಾಕ್ಟರ ಹತ್ರ.”

ಡಾಕ್ಟರು ಕಣ್ಣು ತೊಳೆದು, ಮದ್ದು ಹಾಕಿ, “ಕೆಲವು ದಿನ ಕಣ್ಣಿಟ್ಟು ನೋಡ್ಕೊಳ್ಳಿ. ಬಾಟ್ಲಿಯಲ್ಲಿದ್ದದ್ದು ಏನು ಅಂತ ಗೊತ್ತಾಗಿದ್ರೆ ಚೆನ್ನಾಗಿತ್ತು,” ಅಂದರು. ತಾಯಿ ಕತ್ತರಿಯಣ್ಣನ ಮುಖವನ್ನೂ ನೋಡದೆ ಮಗನನ್ನು ಅವುಚಿಕೊಂಡು ಹೋದಳು.

ಮನೆಗೆ ಬಂದವನು ಅಂಗಡಿಯ ಬಾಟ್ಲಿಯಲ್ಲಿ ಉಳಿದಿದ್ದನ್ನೆಲ್ಲ ಮೂಲೆಯ ಆ ಒಂದು ಬುಡಕ್ಕೆ ಸುರಿದ. ಅದು ಸತ್ತರೆ ಬಾಟ್ಲಿಯಲ್ಲಿದ್ದದ್ದು ವಿಷ, ತಾನೂ ಸತ್ತಂತೆ. ಆಮೇಲೆ ಅಂಗಡಿಯ ಬಾಗಿಲು ತೆಗೆಯಲಿಲ್ಲ. ಬೆಳಗಾದರೆ ಮನೆ ಬಾಗಿಲ ಚಿಲಕಕ್ಕೆ ಕೈಹಾಕಲೂ ಹೆದರಿಕೆ. ಉಳಿದ ಜೇಕೆಲ್ಲ ತುದಿಯಿಂದ ಹಳದಿಯಾಗುತ್ತ ಬಂತು. ಒಂದು ದಿನ ಮೂಲೆಯದ್ದೂ ಹಳದಿಯಾಗಿ ಕಂಡಿತು. ಬಗ್ಗಿ ನೋಡಿದರೆ ಎಳೆಬಿಸಿಲು. ಕೈ ಅಡ್ಡ ಹಿಡಿದ, ಹಸಿರೇ. ಉಳಿದವೆಲ್ಲ ಒಣಗಿ ಮಲಗಿದ ಮೇಲೂ ಅದು ಸೆಟೆದು ನಿಂತಿತ್ತು.

ಓಡಿಹೋಗಿ ಆ ತಾಯಿಯನ್ನು ಕರೆತಂದು, ಅಂಗಡಿಯ ಬಾಟ್ಲಿಯಲ್ಲಿ ಉಳಿದದ್ದನ್ನು ಸುರಿದದ್ದು ಇದಕ್ಕೇ ಅಂತ ತೋರಿಸಿದ. ಅವಳು ಕೂತು ಗರಿಯನ್ನು ಚಿವುಟಿ ನೋಡಿದಳು.

“ನೀರೇನಾ?”

“ನೀರೇ ತಾಯಿ. ಕಣ್ಣಿಗೆ ಕೂದಲು ಬಿದ್ದು ಉರಿದಿರಬೇಕು.”

“ಹುಡುಗ ಕುಣೀತಿದಾನೆ ಬಿಡಿ. ನಾನೇ ಅವನು ಮಲಗಿದಾಗೆಲ್ಲ ಮೂಗಿನ ಹತ್ರ ಕೈಯಿಟ್ಟು ನೋಡಿ ನೋಡಿ ಸುಸ್ತಾಗಿದೀನಿ.” ಎದ್ದು ಸೆರಗು ಕೊಡವಿದಳು. “ನಾಳೆ ಕರ್ಕೊಂಡು ಬರ್ತೀನಿ. ನೀರು ಮಾತ್ರ ನಮ್ಮನೆಯಿಂದಲೇ ತರ್ತೀನಣ್ಣ.”

“ತಗೊಂಡು ಬಾರಮ್ಮಾ,” ಅಂದ ಕತ್ತರಿಯಣ್ಣ, ತಲೆ ಎತ್ತದೆ.