ಮೀನಿನ ಕಾಕ ಕೈ ತೊಳೆಯುತ್ತಿದ್ದರು

ನಮ್ಮವರಿಗೆ ಉಸಿರಿನ ತೊಂದರೆ ಜಾಸ್ತಿಯಾಗಿ ಮೊನ್ನೆ ಪುತ್ತೂರಿನಿಂದ ಆಕ್ಸಿಜನ್ ಸಿಲಿಂಡರ್ ಮನೆಗೇ ಬಂತು. ಆಗಷ್ಟೇ ಅವರ ಕಾಲಿಗೆ ತೆಂಗಿನೆಣ್ಣೆ ತಿಕ್ಕಿ ಎದ್ದಿದ್ದೆ. ಸಿಲಿಂಡರ್ ಹೊಸ್ತಿಲ ಹತ್ತಿರ ವಾಲಿತು ಅಂತ ಹಿಡಿಯಲು ಹೋದರೆ ತಂದವನು ಅಡ್ಡ ಬಂದ. "ಅಮ್ಮ, ಎಣ್ಣೆ ಕೈಯಲ್ಲಿ ಇದನ್ನು ಮುಟ್ಲೇ ಬಾರ್ದು. ಸೋಪು ಹಾಕಿ ತೊಳ್ಕೊಂಡು ಬನ್ನಿ."

ನನ್ನ ಕೈ ಅಲ್ಲೇ ನಿಂತುಬಿಟ್ಟಿತು. ಬೆರಳುಗಳಿಂದ ತೆಂಗಿನೆಣ್ಣೆಯ ವಾಸನೆ ಬರುತ್ತಿತ್ತು. ಮಂಚದಲ್ಲಿ ಮಲಗಿದ್ದ ನಮ್ಮವರು ನನ್ನ ಮುಖವನ್ನೇ ನೋಡಿದರು. ಅವರಿಗೂ ಮೀನಿನ ಕಾಕನ ನೆನಪೇ ಬಂದಿತ್ತು...

ಅರವತ್ತರ ದಶಕದ ಕೊನೆಯ ಮಾತು. ಮದುವೆಯಾಗಿ ಬಂದು ಎರಡು ಮಳೆಗಾಲ ಕಳೆದಿತ್ತೋ ಏನೋ. ಗುತ್ತಿಗಾರಿನ ರಸ್ತೆ ಬದಿಯಲ್ಲಿ ಅತ್ತೆಯದೊಂದು ಸಣ್ಣ ಚಾದ ಹೋಟೆಲು. ಕೆರೆಗಳಿಗೆ ಬಿಡುವ ಮೀನುಮರಿಗಳನ್ನು ತಗಡಿನ ಡಬ್ಬಗಳಲ್ಲಿ ತುಂಬಿಕೊಂಡು ಕಬಕದ ಬ್ಯಾರಿ ಮುಸ್ಲಿಮರೊಬ್ಬರು ತಮ್ಮ ಹಳೇ ಜೀಪಿನಲ್ಲಿ ಮಳೆಗಾಲದುದ್ದಕ್ಕೂ ಬರುತ್ತಿದ್ದರು. ವಯಸ್ಸಿನಲ್ಲಿ ಹಿರಿಯರಾದ ಅತ್ತೆಯನ್ನು ಬಿಟ್ಟು ಊರಿಗೆಲ್ಲ ಅವರು ಮೀನಿನ ಕಾಕ. ನಮ್ಮಲ್ಲಿ ಜೀಪು ನಿಲ್ಲಿಸಿ ಚಾ ಕುಡಿದು, ಡಬ್ಬಗಳ ನೀರು ಚೆಲ್ಲಿ ನಮ್ಮ ಬಾವಿಯ ನೀರು ತುಂಬಿ, ಮರಿಗಳಿಗೆ ಗ್ಯಾಸು ಕೊಟ್ಟು ಮುಂದೆ ಹೋಗುವುದು ಅವರ ಕ್ರಮ.

ಗ್ಯಾಸು ಅಂದರೆ ಇದೇ ಆಕ್ಸಿಜನ್. ಜೀಪಿನ ಹಿಂದೆ ಹಗ್ಗದಲ್ಲಿ ಬಿಗಿದು ಕಟ್ಟಿದ ಕಬ್ಬಿಣದ ಉದ್ದ ಅಂಡೆ, ಅದಕ್ಕೊಂದು ರಬ್ಬರ್ ನಳಿಗೆ. ನಳಿಗೆಯನ್ನು ಡಬ್ಬಕ್ಕೆ ಇಳಿಸಿ ತಿರುಪು ತಿರುಗಿಸಿದರೆ ನೀರು ಗುಳುಗುಳು ಎನ್ನುತ್ತಿತ್ತು. ಮೇಲೆ ಬಂದು ಬಾಯಿ ತೆರೆಯುತ್ತಿದ್ದ ಮರಿಗಳು ಮತ್ತೆ ತಳಕ್ಕೆ ಓಡುತ್ತಿದ್ದವು. ನಾನು ದೋಸೆ ಕಾವಲಿಯನ್ನು ಹಾಗೇ ಬಿಟ್ಟು ನೋಡಲು ಹೋಗಿ ಅತ್ತೆಯಿಂದ ಬೈಸಿಕೊಂಡದ್ದುಂಟು.

ಆ ಅಂಡೆಯ ಹತ್ತಿರ ಬೀಡಿ ಹಿಡಿದು ಯಾರೂ ಬರುವ ಹಾಗಿರಲಿಲ್ಲ. ಬಿಸಿಲು ಬಿದ್ದರೆ ಒದ್ದೆ ಗೋಣಿ ಹೊದಿಸುತ್ತಿದ್ದರು. ಇದೆಲ್ಲ ನಮಗೆ ಅರ್ಥವಾಗುತ್ತಿತ್ತು. ಆದರೆ ಕಾಕ ತಿರುಪು ಮುಟ್ಟುವ ಮೊದಲು ಪ್ರತಿ ಸಲ ಬಾವಿಕಟ್ಟೆಗೆ ಹೋಗಿ, ಅಂಟುವಾಳ ಕಾಯಿ ತಿಕ್ಕಿ, ಮೊಣಕೈವರೆಗೆ ತೊಳೆಯುತ್ತಿದ್ದರು. ಒರೆಸಲು ಬೇರೆಯೇ ಒಂದು ಬಿಳಿ ಬಟ್ಟೆ. ಅದನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಚಾ ಕುಡಿಯಲು ಬಂದವರು, "ಎಂತ ಕಾಕ, ಅಂಡೆಗೂ ನಮಾಜುಂಟಾ?" ಎಂದು ತಮಾಷೆ ಮಾಡಿದರೆ ಸುಮ್ಮನೆ ನಗುತ್ತಿದ್ದರು. ಅತ್ತೆ ಮಾತ್ರ ಅಂಥವರನ್ನು ಗದರುತ್ತಿದ್ದರು. ನಮಗೆ ಮಡಿ ಇದ್ದ ಹಾಗೆ ಅವರಿಗೂ ಒಂದು ಇರುತ್ತದೆ, ಅದನ್ನು ಕೇಳಬಾರದು ಎನ್ನುವುದು ಅತ್ತೆಯ ನ್ಯಾಯ. ನನ್ನ ನಾಲಿಗೆ ಮೊಳ ಉದ್ದ ಅಂತ ಊರಿಗೇ ಗೊತ್ತಿತ್ತು. ಆ ನಾಲಿಗೆಯೂ ಅದೊಂದನ್ನು ಕೇಳಲಿಲ್ಲ.

ಆಟಿ ತಿಂಗಳ ಒಂದು ಮಧ್ಯಾಹ್ನ. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಕಾಕ ಡಬ್ಬಗಳ ನೀರು ಬದಲಿಸಿದರು, ಕೈ ತೊಳೆದು ತಿರುಪಿಗೆ ಕೈ ಹಾಕಿದರು. ತಿರುಪು ಜಪ್ಪಯ್ಯ ಅಂದರೂ ತಿರುಗಲಿಲ್ಲ. ಮಳೆಗೆ ಹಿಡಿದುಕೊಂಡಿದೆ, ಹೊಸ ನೀರಿನಲ್ಲಿ ಮರಿಗಳು ಸ್ವಲ್ಪ ಹೊತ್ತು ತಡೆಯುತ್ತವೆ, ನಮಾಜು ಮುಗಿಸಿ ಬಂದು ನೋಡುತ್ತೇನೆ ಎಂದು ಹೇಳಿ ಚಾಪೆ ಹಿಡಿದು ಹಿತ್ತಲಿಗೆ ಹೋದರು.

ನಮ್ಮಲ್ಲಿ ಕಿರುಗುಟ್ಟುವುದಕ್ಕೂ ಹಿಡಿದುಕೊಳ್ಳುವುದಕ್ಕೂ ಮದ್ದು ಒಂದೇ, ತೆಂಗಿನೆಣ್ಣೆ. ಬಾಗಿಲ ಅಗುಳಿಗೆ ಅದು, ಬಾವಿಯ ರಾಟೆಗೆ ಅದು, ಮಗುವಿನ ನೆತ್ತಿಗೂ ಅದೇ. ಅತ್ತೆ ಬಾವಿಕಟ್ಟೆಗೆ ಹೋಗಿ ಕೈ ತೊಳೆಯುತ್ತಿದ್ದುದನ್ನು ಅಡಿಗೆ ಕೋಣೆಯ ಕಿಟಕಿಯಿಂದ ನೋಡಿದೆ. ಅಂಟುವಾಳ ಹಾಕಿ, ಮೊಣಕೈವರೆಗೆ, ಥೇಟು ಕಾಕನ ಹಾಗೆ. ಪಾತ್ರೆ ತೊಳೆಯಲು ಅಂತ ನಾನು ಎಣಿಸಿದೆ. ಅಯ್ಯೋ ದೇವರೇ... ಅವರು ಕಾಕನ ಮಡಿ ಕೆಡಬಾರದು ಅಂತ ತೊಳೆಯುತ್ತಿದ್ದರು! ಹಾಗೆ ತೊಳೆದ ಕೈಯನ್ನು ರಾಟೆಯ ಎಣ್ಣೆ ಇಟ್ಟಿದ್ದ ತೆಂಗಿನ ಗೆರಟೆಗೆ ಅದ್ದಿ, ತಿರುಪಿನ ಸಂದಿಗೆಲ್ಲ ಹಚ್ಚಿ ಬಂದಿದ್ದರು.

ಕಾಕ ನಮಾಜು ಮುಗಿಸಿ ಬಂದರು. ಮರಿಗಳು ಆಗಲೇ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಅವಸರದಲ್ಲಿ ಕೈ ತೊಳೆದು, ಬಿಳಿ ಬಟ್ಟೆಯಲ್ಲಿ ಒರೆಸಿ, ಸ್ಪಾನರು ಹಾಕಿ ಬಲವಾಗಿ ತಿರುಗಿಸಿದರು.

ಢಂ ಎಂದಿತು. ಹೋಟೆಲಿನ ಗ್ಲಾಸುಗಳು ಅದುರಿದವು. ನಾನು ಹೊರಗೆ ಓಡಿ ಬಂದಾಗ ಅಂಡೆಯ ಬಾಯಿಂದ ಬಿಳಿ ಬೆಂಕಿ ನೆಟ್ಟಗೆ ಹೊರಗೆ ಚಿಮ್ಮುತ್ತಿತ್ತು. ಅಂಥ ಬೆಂಕಿಯನ್ನು ಅದಕ್ಕೆ ಮೊದಲು ನೋಡಿಲ್ಲ, ಆಮೇಲೂ ನೋಡಿಲ್ಲ. ಕಾಕ ಅಂಗಳದಲ್ಲಿ ಬಿದ್ದಿದ್ದರು, ಅಂಗಿ ಉರಿಯುತ್ತಿತ್ತು. ಹತ್ತಿರ ಓಡಿದವರಿಗೆ "ದೂರ ಹೋಗಿ, ದೂರ!" ಎಂದು ಬೊಬ್ಬೆ ಹಾಕಿದರು. ನಮ್ಮವರು ಕೇಳಲಿಲ್ಲ, ಒದ್ದೆ ಗೋಣಿ ಹಾಕಿ ಎಳೆದು ತಂದರು. ಬೆಂಕಿ ತಾನಾಗಿ ನಂದಿದ ಮೇಲೂ ಅಂಡೆ ಬುಸುಗುಟ್ಟುತ್ತಲೇ ಇತ್ತು. ಮಗುಚಿದ ಡಬ್ಬಗಳ ಮೀನುಮರಿಗಳೆಲ್ಲ ಅಂಗಳದ ಕೆಸರಿನಲ್ಲಿ ಚಡಪಡಿಸುತ್ತಿದ್ದವು.

ಅತ್ತೆ ಜಗಲಿಯಲ್ಲಿ ನಿಂತಿದ್ದರು. ಬೆರಳುಗಳಲ್ಲಿ ಎಣ್ಣೆ ಇನ್ನೂ ಹೊಳೆಯುತ್ತಿತ್ತು. "ನಾನು ಕೈ ತೊಳ್ಕೊಂಡೇ ಮುಟ್ಟಿದ್ದು" ಎಂದರು. ಯಾರೂ ಏನೂ ಕೇಳಿರಲಿಲ್ಲ. ಮತ್ತೊಮ್ಮೆ ಅದನ್ನೇ ಹೇಳಿದರು.

ದಾರಿಯಲ್ಲಿ ಬಂದ ಮರದ ಲಾರಿಯಲ್ಲಿ ಕಾಕನನ್ನು ಮಲಗಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಮ್ಮವರು ಪುತ್ತೂರಿಗೆ ಕರೆದುಕೊಂಡು ಹೋದರು. ಮರುದಿನ ನಾನೂ ಅತ್ತೆಯೂ ಆಸ್ಪತ್ರೆಗೆ ಹೋದೆವು. ಕೈ, ಎದೆ, ಮುಖ ಎಲ್ಲ ಬಟ್ಟೆ ಸುತ್ತಿತ್ತು. ಅತ್ತೆ ಮಂಚದ ಕಾಲು ಹಿಡಿದು ಕೂತು, ನಡೆದದ್ದನ್ನೆಲ್ಲ ಹೇಳಿದರು. ಎಣ್ಣೆಗೂ ಆ ಗ್ಯಾಸಿಗೂ ಆಗುವುದಿಲ್ಲ, ಕಿಡಿ ಬೇಡ, ಬೆಂಕಿಕಡ್ಡಿ ಬೇಡ, ಅದು ತಾನಾಗಿಯೇ ಹತ್ತಿಕೊಳ್ಳುತ್ತದೆ ಎಂದು ನಮಗೆ ತಿಳಿದದ್ದು ಅಲ್ಲಿ, ಕಾಕನ ಬಾಯಿಂದ. ಕೈ ತೊಳೆಯುತ್ತಿದ್ದದ್ದು ಅದಕ್ಕಂತೆ. ಮಡಿಯೂ ಇಲ್ಲ, ಮಣ್ಣೂ ಇಲ್ಲ!

ಕಾಕನ ಸ್ವರ ಬಹಳ ಸಣ್ಣಗಾಗಿತ್ತು.

"ಅಳ್ಬೇಡಿ ಅಕ್ಕ. ನೀವು ಅದನ್ನು ಮಡಿ ಅಂತ ಎಣಿಸಿದ್ದು ನಂಗೆ ಗೊತ್ತುಂಟು. ಮೊದ್ಲು ಎಲ್ಲ ಕಡೆ ಹೇಳ್ತಿದ್ದೆ, ಎಣ್ಣೆ ಕೈಯಲ್ಲಿ ಮುಟ್ಬೇಡಿ ಅಂತ. ಜನ ನಗಾಡಿ, ಬೇಕಂತ್ಲೇ ಬಂದು ಮುಟ್ಟುದು. ದೇವರ ವಿಷಯ ಅಂತ ಎಣಿಸಿದ್ರೆ ದೂರ ನಿಲ್ತಾರೆ. ಹಾಗೆ ಸುಮ್ಮನಿದ್ದೆ..."

ಮತ್ತೆ, "ನಿಮ್ಗೊಬ್ರಿಗೆ ಹೇಳ್ಬೇಕಿತ್ತು" ಎಂದರು.

ಅದೇ ವಾರ ಕಾಕ ತೀರಿಕೊಂಡರು. ಪೊಲೀಸರ ಹತ್ತಿರವೂ, ತಮ್ಮ ಹೆಂಡತಿಯ ಹತ್ತಿರವೂ ತಿರುಪು ಹಳತಾಗಿತ್ತು ಅಂತ ಮಾತ್ರ ಹೇಳಿ ಹೋದರಂತೆ. ಅತ್ತೆಯ ಹೆಸರು ಅವರ ಬಾಯಿಂದ ಬರಲೇ ಇಲ್ಲ. ಅತ್ತೆ ಆಮೇಲೆ ಸಾಯುವವರೆಗೆ ತಲೆಗೆ ಎಣ್ಣೆ ಹಚ್ಚಲಿಲ್ಲ. ಬಾವಿಯ ರಾಟೆಗೂ ಹಾಕಲು ಬಿಡಲಿಲ್ಲ. ಅವರಿರುವವರೆಗೆ ಅದು ಕಿರುಗುಟ್ಟುತ್ತಲೇ ಇತ್ತು.

ಅಷ್ಟು ಒಳ್ಳೆಯ ಇಬ್ಬರಿಂದ ಅಂಥದ್ದೊಂದು ಹೇಗೆ ನಡೆದುಹೋಯಿತು? ಇಷ್ಟು ವರ್ಷವಾದರೂ ನನ್ನ ತಲೆಗೆ ಹೋಗುವುದಿಲ್ಲ. ಒಬ್ಬರು ಮರ್ಯಾದೆಯಿಂದ ಕೇಳಲಿಲ್ಲ, ಇನ್ನೊಬ್ಬರು ನಗೆಗೆ ಹೆದರಿ ಹೇಳಲಿಲ್ಲ...

ಮೊನ್ನೆ ಸಿಲಿಂಡರ್ ತಂದವನು ಹೋದ ಮೇಲೆ ನಾನು ಬಚ್ಚಲಲ್ಲಿ ನಿಂತು ಮೊಣಕೈವರೆಗೆ ಸೋಪು ತಿಕ್ಕಿ ತಿಕ್ಕಿ ತೊಳೆದೆ. ಎಷ್ಟು ತೊಳೆದರೂ ಎಣ್ಣೆ ವಾಸನೆ ಹೋಗಿಲ್ಲ ಅಂತಲೇ ಅನ್ನಿಸುತ್ತಿತ್ತು. ಮೊಮ್ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅಜ್ಜೀ, ಯಾಕೆ ಅಷ್ಟು ಸಲ ಕೈ ತೊಳಿಯುದು?"

ಅಷ್ಟೇ ಮಾತು. ಅಂದು ನಮ್ಮ ಹೋಟೆಲಿನಲ್ಲಿ ಯಾರಾದರೂ ಅಷ್ಟನ್ನು ಕೇಳಿದ್ದರೆ ಕಾಕ ಚಾ ಮುಗಿಸಿ ಮೀನುಮರಿಗಳ ಜೊತೆ ಮುಂದಿನ ಊರಿಗೆ ಹೋಗುತ್ತಿದ್ದರು. ಇವಳಿಗಾದರೂ ಹೇಳಬೇಕು ಅಂತ ಒದ್ದೆ ಕೈಯಲ್ಲೇ ಅವಳನ್ನು ಎಳೆದು ಹತ್ತಿರ ಕೂರಿಸಿಕೊಂಡೆ. ನನಗೆ ಅಳು ತಡೆಯಲಾಗಲಿಲ್ಲ.